ಸೋಲಾರ್ ಪ್ಯಾನೆಲ್ ಇದ್ದರೂ ಹಗಲಲ್ಲಿ ಕರೆಂಟ್ ಹೋದಾಗ ಫ್ಯಾನ್ ಯಾಕೆ ತಿರುಗುವುದಿಲ್ಲ?

ನಿಮ್ಮ ಮನೆಯಲ್ಲಿರುವುದು ಬಹುಶಃ ಆನ್-ಗ್ರಿಡ್ ಇನ್ವರ್ಟರ್, ಅಂದರೆ ಸೋಲಾರ್ ಕರೆಂಟನ್ನು ಕಂಬದ ಲೈನಿನ ಜೊತೆ ಸೇರಿಸುವ ಪೆಟ್ಟಿಗೆ. ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ತಕ್ಷಣ ಅದು ತಾನಾಗಿಯೇ ಆಫ್ ಆಗುತ್ತದೆ. ಕೆಟ್ಟಿದೆ ಅಂತಲ್ಲ, ಹಾಗೆಯೇ ಮಾಡಿರುತ್ತಾರೆ. ಆ ಹೊತ್ತಿಗೆ ಲೈನ್‌ಮನ್ ಕಂಬ ಹತ್ತಿರಬಹುದು, ಅಲ್ವಾ? ನಿಮ್ಮ ಪ್ಯಾನೆಲ್ಲಿನ ಕರೆಂಟ್ ತಂತಿಗೆ ಹರಿದರೆ ಅವರ ಜೀವಕ್ಕೇ ಅಪಾಯ. ಈ ರಕ್ಷಣೆಯನ್ನು ತಪ್ಪಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ.

ಕರೆಂಟ್ ಹೋದಾಗಲೂ ಸೋಲಾರ್ ನಡೆಯಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದು ಮೊದಲು ಮನೆಯನ್ನು ಲೈನಿನಿಂದ ಬೇರೆ ಮಾಡುತ್ತದೆ, ಆಮೇಲೆ ಮನೆಯೊಳಗೆ ಮಾತ್ರ ಕರೆಂಟ್ ಕೊಡುತ್ತದೆ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದೇ ಮುಖ್ಯ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇರುತ್ತದೆ. ಲೆಡ್-ಆಸಿಡ್ ಆದರೆ ಅರ್ಧದಷ್ಟೇ ಬಳಸಿ, ಇಲ್ಲವಾದರೆ ಬೇಗ ಹಾಳಾಗುತ್ತದೆ. 75 ವ್ಯಾಟಿನ ಎರಡು ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬ್, ವೈಫೈ ಸೇರಿ ಸುಮಾರು 200 ವ್ಯಾಟ್. ಅಂದರೆ ಹತ್ತಿರ ಹತ್ತಿರ ನಾಲ್ಕು ಗಂಟೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯದು) ಹಾಕಿದರೆ ಅದೇ ಬ್ಯಾಟರಿ ಏಳು ಗಂಟೆ ಬರುತ್ತದೆ. ಹಾಗಾಗಿ ದೊಡ್ಡ ಬ್ಯಾಟರಿಗೆ ಸುಮ್ನೆ ದುಡ್ಡು ಹಾಕುವ ಮೊದಲು ಫ್ಯಾನ್ ಬದಲಿಸಿ.

ದಿನಕ್ಕೆ ಒಂದೆರಡು ಗಂಟೆ ಮಾತ್ರ ಕರೆಂಟ್ ಹೋಗುವ ಊರಾದರೆ ಹೈಬ್ರಿಡ್ ಖರ್ಚು ಜಾಸ್ತಿಯಾಯಿತು. ಈಗಿರುವ ಸೋಲಾರ್ ಹಾಗೇ ಇರಲಿ, ಪಕ್ಕಕ್ಕೊಂದು ಸಾಮಾನ್ಯ ಯುಪಿಎಸ್ ಸಾಕು. ನೀರಿನ ಮೋಟರನ್ನು ಮಾತ್ರ ಅದಕ್ಕೆ ಜೋಡಿಸಬೇಡಿ. ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.