ಹಾಲಿನ ಲೆಕ್ಕ ಬರೋ ರ್‍ಯಾಬಿಟ್‌ಎಂಕ್ಯೂ ಸರ್ವರ್‌ಗೆ ಮಾನಿಟರಿಂಗ್ ಎಲ್ಲಿಂದ ಶುರು ಮಾಡ್ಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು: ಹಾಸನದ ಸುತ್ತಮುತ್ತ ಹಳ್ಳಿ ಡೈರಿಗಳಿಂದ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಘನ ಅಂಶ) ಎಲ್ಲಾ ಮೆಸೇಜ್ ಆಗಿ ಒಂದು ರ್‍ಯಾಬಿಟ್‌ಎಂಕ್ಯೂ ಸರ್ವರ್‌ಗೆ ಬರತ್ತೆ (ಅದು ಮೆಸೇಜ್‌ಗಳನ್ನ ಕ್ಯೂ ಅಂದ್ರೆ ಸಾಲಲ್ಲಿ ಇಟ್ಟು ಮುಂದೆ ದಾಟಿಸೋ ಪ್ರೋಗ್ರಾಂ), ಸಿಪಿಯು ಮೆಮೊರಿ ನೋಡಿದ್ರೆ ಎಲ್ಲಾ ಸರಿಯಾಗೇ ಇರತ್ತೆ, ಆದ್ರೂ ಆಗಾಗ ಲೆಕ್ಕ ನಿಂತೋಗತ್ತೆ, ಡೈರಿ ಸೆಕ್ರೆಟರಿ ಫೋನ್ ಮಾಡಿ "ನಿನ್ನೆ ಸಂಜೆದು ಏರೇ ಇಲ್ವಲ್ಲ" ಅಂದಾಗ್ಲೇ ನಿಮಗೆ ಗೊತ್ತಾಗೋದು. ಇಬ್ಬರೇ ಇರೋದು, ಏನು ನೋಡ್ಬೇಕು ಅಂತ ಕೇಳಿದೀರ.

ನಾನು ಚಿಕ್ಕಮಗಳೂರಲ್ಲಿ ಕಾಫಿ ಖರೀದಿ ಮಾಡೋರೊಬ್ಬರ ತೂಕದ ಸಿಸ್ಟಮ್ ನೋಡ್ಕೊಳ್ತೀನಿ, ಮೂಡಿಗೆರೆ, ಆಲ್ದೂರು, ಕೊಪ್ಪ ಕಡೆಯಿಂದ ತೂಕದ ಚೀಟಿಗಳು ಇದೇ ಥರ ಕ್ಯೂ ಮೇಲೆ ಬರತ್ತೆ. ಒಂದು ಜನವರಿಲಿ, ರೊಬಸ್ಟಾ ಕೊಯ್ಲು ಜೋರಾಗಿದ್ದಾಗ, ತೂಕದ ಸ್ಕ್ರೀನ್ ಎಲ್ಲಾ ಕಡೆ ಸುಮ್ನೆ ತಿರುಗ್ತಾ ನಿಂತ್ಬಿಡ್ತು. ಪಿಂಗ್ ಹೋಗತ್ತೆ, ಕ್ಯೂ ಸರ್ವರ್‌ನ 5672 ಪೋರ್ಟ್ ತೆರೆದಿದೆ, ಸಿಪಿಯು ನೂರಕ್ಕೆ ನಾಲ್ಕೂ ಇಲ್ಲ, ಎರರ್ ಅಂತೂ ಒಂದೂ ಇಲ್ಲ, ನಾನು ನೆಟ್‌ವರ್ಕ್ ಅಂದ್ಕೊಂಡು ರೂಟರ್ ಆಫ್ ಆನ್ ಮಾಡಿಸ್ತಾ ಒಂದೂವರೆ ಗಂಟೆ ಕಳೆದೆ. ಕಾರಣ ಡಿಸ್ಕ್. ಅದೇ ಮೆಷಿನ್‌ನಲ್ಲಿದ್ದ ಬೇರೆ ಪ್ರೋಗ್ರಾಂ ಡಿಬಗ್ ಲಾಗ್ ಬರೆದು ಬರೆದು ಡಿಸ್ಕ್ ತುಂಬಿಸಿತ್ತು, ಖಾಲಿ ಜಾಗ 50 ಎಂಬಿಗಿಂತ ಕೆಳಗೆ ಹೋದ್ರೆ ರ್‍ಯಾಬಿಟ್‌ಎಂಕ್ಯೂ ಮೆಸೇಜ್ ಕಳಿಸೋರ ಕನೆಕ್ಷನ್‌ಗಳನ್ನ ಓದೋದೇ ನಿಲ್ಲಿಸತ್ತೆ, ಆ 50 ಎಂಬಿ ಅದರ ಡಿಫಾಲ್ಟ್ ಮಿತಿ. ಕನೆಕ್ಷನ್ ಕಡಿಯಲ್ಲ, "ಬ್ಲಾಕ್ ಆಗಿದೀಯ" ಅಂತ ಒಂದು ಸೂಚನೆ ಕಳಿಸತ್ತೆ ಅಷ್ಟೇ, ನಮ್ಮ ಪ್ರೋಗ್ರಾಂನಲ್ಲಿ ಅದನ್ನ ಕೇಳಿಸ್ಕೊಳ್ಳೋ ಕೋಡೇ ಬರೆದಿರಲಿಲ್ಲ. ಬಾಡಿಗೆ ಪಿಕಪ್‌ಲಿ ಮೂಟೆ ಹೇರ್ಕೊಂಡು ಬಂದಿದ್ದ ವಯಸ್ಸಾದ ಬೆಳೆಗಾರರೊಬ್ಬರು ಅಷ್ಟು ಹೊತ್ತೂ ಬಿಸಿಲಲ್ಲಿ ಕಾದ್ರು, ಅದು ನನಗೆ ಇವತ್ತಿಗೂ ಬೇಜಾರು. ಅವತ್ತಿಂದ ನಾನು ಮೆಷಿನ್ ನೋಡೋದು ಆಮೇಲೆ, ಮೊದಲು ನೋಡೋದು ಮೆಸೇಜ್ ಆ ಕಡೆಯಿಂದ ಈ ಕಡೆಗೆ ದಾಟ್ತಿದೆಯಾ ಅಂತ.

ಸೆಟಪ್ ದೊಡ್ಡದೇನಲ್ಲ. ರ್‍ಯಾಬಿಟ್‌ಎಂಕ್ಯೂ 3.8 ವರ್ಷನ್‌ನಿಂದ ಪ್ರೊಮಿಥಿಯಸ್ (ಮೆಟ್ರಿಕ್ಸ್ ಅಂದ್ರೆ ಅಳತೆ ಸಂಖ್ಯೆಗಳನ್ನ ಓದಿ ಇಟ್ಕೊಳ್ಳೋ ಪ್ರೋಗ್ರಾಂ) ಪ್ಲಗಿನ್ ಜೊತೆಗೇ ಬರತ್ತೆ, ಎನೇಬಲ್ ಮಾಡಿದ್ರೆ 15692 ಪೋರ್ಟ್‌ನಲ್ಲಿ ಮೆಟ್ರಿಕ್ಸ್ ಸಿಗತ್ತೆ, ಅದನ್ನ ಪ್ರೊಮಿಥಿಯಸ್ 15 ಸೆಕೆಂಡಿಗೊಂದ್ಸಲ ಓದ್ಲಿ, ಗ್ರಫಾನಾಗೆ (ಆ ಸಂಖ್ಯೆಗಳನ್ನ ಗ್ರಾಫ್ ಮಾಡಿ ತೋರ್ಸೋ ಪ್ರೋಗ್ರಾಂ) ರ್‍ಯಾಬಿಟ್‌ಎಂಕ್ಯೂ ತಂಡದವರೇ ಮಾಡಿಟ್ಟಿರೋ ಡ್ಯಾಶ್‌ಬೋರ್ಡ್ ಇದೆ, 10991 ನಂಬರ್ ಹಾಕಿ ಇಂಪೋರ್ಟ್ ಮಾಡ್ಕೊಳ್ಳಿ. ಆ ಪೋರ್ಟೂ, 15672ರ ಮ್ಯಾನೇಜ್‌ಮೆಂಟ್ ಪೋರ್ಟೂ ಇಂಟರ್ನೆಟ್‌ಗೆ ತೆರೆದಿಡಬೇಡಿ, ಮಾನಿಟರಿಂಗ್ ಮೆಷಿನ್‌ಗೆ ಮಾತ್ರ ಬಿಡಿ.

ಒಂದು ಕಡೆ ಎಲ್ಲರೂ ಎಡವ್ತಾರೆ. ಡಿಫಾಲ್ಟ್ ಆಗಿ ಆ ಮೆಟ್ರಿಕ್ಸ್ ಎಲ್ಲಾ ಕ್ಯೂಗಳದ್ದೂ ಕೂಡಿಸಿ ಒಂದೇ ಸಂಖ್ಯೆಯಾಗಿ ಬರತ್ತೆ, ಯಾವ ಕ್ಯೂ ನಿಂತಿದೆ ಅನ್ನೋದು ಅದ್ರಲ್ಲಿ ಗೊತ್ತಾಗಲ್ಲ. ನಿಮ್ಮದು ಹತ್ತಿಪ್ಪತ್ತು ಕ್ಯೂ ಇರಬಹುದು, ಪರ್-ಆಬ್ಜೆಕ್ಟ್ (ಒಂದೊಂದು ಕ್ಯೂಗೂ ಬೇರೆ ಬೇರೆ) ಮೆಟ್ರಿಕ್ಸ್ ಆನ್ ಮಾಡ್ಕೊಳ್ಳಿ, ಏನೂ ಭಾರ ಆಗಲ್ಲ, ಸಾವಿರಾರು ಕ್ಯೂ ಇರೋರಿಗೆ ಮಾತ್ರ ಅದು ಕಷ್ಟ.

ಈಗ ಏನು ನೋಡ್ಬೇಕು. ಕ್ಯೂನಲ್ಲಿ ಎಷ್ಟು ಮೆಸೇಜ್ ಇದೆ ಅಂತ ಒಂದು ಮಿತಿ ಹಾಕಿ ಅಲರ್ಟ್ ಕೊಡೋದು ಎಲ್ಲರಿಗೂ ಮೊದಲು ಹೊಳೆಯೋದು, ನಿಮ್ಮ ಕೆಲಸಕ್ಕೆ ಅದು ಒಗ್ಗಲ್ಲ ಅಂತ ನನ್ನ ಅಭಿಪ್ರಾಯ. ಹಾಲು ಹಾಕೋ ಹೊತ್ತಿಗೆ ಎಲ್ಲಾ ಡೈರಿಯಿಂದ ಒಟ್ಟಿಗೇ ನುಗ್ಗತ್ತೆ, ಕ್ಯೂ ಉಬ್ಬೋದು ಸಹಜ, ದಿನಾ ಬೆಳಿಗ್ಗೆ ಸುಳ್ಳು ಅಲರ್ಟ್ ಬಂದ್ರೆ ಹದಿನೈದು ದಿನಕ್ಕೆ ನೀವೇ ಫೋನ್ ಸೈಲೆಂಟ್‌ಗೆ ಹಾಕ್ತೀರ. ಮಳೆಗಾಲದಲ್ಲಿ ಇನ್ನೂ ಹೆಚ್ಚು, ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಬಂದ ಕೂಡ್ಲೇ ನಿಂತಿದ್ದ ಚೀಟಿಗಳೆಲ್ಲಾ ಒಟ್ಟಿಗೆ ಬರತ್ತೆ, ಅದು ತೊಂದರೆ ಅಲ್ಲ. ಕ್ಯೂ ಉದ್ದ ಇದ್ರೂ ಕರಗ್ತಾ ಇದ್ರೆ ಸರಿ. ಹಾಗಾಗಿ ನಾನು ಹಾಕಿರೋದು ಹೀಗೆ: ಮೆಸೇಜ್ ಇದೆ ಆದ್ರೆ ಕನ್ಸ್ಯೂಮರ್ (ಕ್ಯೂನಿಂದ ಮೆಸೇಜ್ ತಗೊಂಡು ಲೆಕ್ಕಕ್ಕೆ ಏರಿಸೋ ಪ್ರೋಗ್ರಾಂ) ಸೊನ್ನೆ, ಎರಡು ನಿಮಿಷ ಹಾಗೇ ಇದ್ರೆ ಫೋನ್. ಮೆಸೇಜ್ ಇದೆ, ಕನ್ಸ್ಯೂಮರೂ ಇದೆ, ಆದ್ರೆ ಐದು ನಿಮಿಷದಲ್ಲಿ ಒಂದೂ ಆಕ್ (ಕನ್ಸ್ಯೂಮರ್ ಕೊಡೋ "ಮುಗಿಸಿದೆ" ಅನ್ನೋ ಉತ್ತರ) ಆಗಿಲ್ಲ ಅಂದ್ರೂ ಫೋನ್.

ಇಲ್ಲಿ ಮೆಸೇಜ್ ಅಂದ್ರೆ ರೆಡಿ (ಇನ್ನೂ ಕನ್ಸ್ಯೂಮರ್‌ಗೆ ಕೊಡದಿರೋದು) ಮತ್ತೆ ಅನ್‌ಆಕ್ಡ್ (ಕೊಟ್ಟಾಗಿದೆ, ಆಕ್ ಬಂದಿಲ್ಲ) ಎರಡೂ ಸೇರಿಸಿ ಹೇಳ್ತಿದೀನಿ, ದಯವಿಟ್ಟು ರೆಡಿ ಒಂದನ್ನೇ ನೋಡ್ಬೇಡಿ. ಕನ್ಸ್ಯೂಮರ್ ಪ್ರಿಫೆಚ್ ಮಿತಿ (ಆಕ್ ಬರೋ ಮುಂಚೆ ಒಟ್ಟಿಗೆ ಎಷ್ಟು ಮೆಸೇಜ್ ಕೊಡಬಹುದು ಅನ್ನೋದು) ಹಾಕಿಲ್ಲ ಅಂದ್ರೆ ಸರ್ವರ್ ಇರೋ ಮೆಸೇಜ್‌ಗಳನ್ನೆಲ್ಲಾ ಅದರ ಕೈಗೆ ತುಂಬಿಬಿಡತ್ತೆ, ಕನ್ಸ್ಯೂಮರ್ ಡೇಟಾಬೇಸ್ ಲಾಕ್‌ಗೆ ಕಾಯ್ತಾ ಕೂತಿದ್ರೂ ರೆಡಿ ಸೊನ್ನೆ ತೋರ್ಸತ್ತೆ, ನೋಡಿದೋರು ಎಲ್ಲಾ ಮುಗಿದಿದೆ ಅಂದ್ಕೊಳ್ತಾರೆ, ನಿಜವಾಗ್ಲೂ ಸಾವಿರಗಟ್ಟಲೆ ಅನ್‌ಆಕ್ಡ್‌ನಲ್ಲಿ ಸಿಕ್ಕಾಕೊಂಡಿರತ್ತೆ. ಇತ್ತೀಚಿನ ವರ್ಷನ್‌ಗಳಲ್ಲಿ 30 ನಿಮಿಷ ಆಕ್ ಬರದಿದ್ರೆ ಸರ್ವರ್ ಆ ಚಾನೆಲ್ (ಕನೆಕ್ಷನ್ ಒಳಗಿನ ದಾರಿ) ಮುಚ್ಚಿ ಮೆಸೇಜ್‌ಗಳನ್ನ ವಾಪಸ್ ಕ್ಯೂಗೆ ಹಾಕತ್ತೆ, ಅದೇ ಲೆಕ್ಕ ಎರಡು ಸಲ ಏರೋಕೂ ಅದು ಕಾರಣ ಆಗಬಹುದು. ನಿಮ್ಮ "ಸಿಪಿಯು ಸರಿ ಇದೆ, ಲೆಕ್ಕ ಏರಿಲ್ಲ" ಅನ್ನೋದು ಕೇಳಿದ್ರೆ ನನಗೆ ಮೊದಲ ಅನುಮಾನ ಇದರ ಮೇಲೇ. ಪ್ರಿಫೆಚ್ 50ಕ್ಕೋ 100ಕ್ಕೋ ಇಟ್ಟು ನೋಡಿ.

ಡಿಸ್ಕ್ ಮಿತಿ 50 ಎಂಬಿ ಬಿಡ್ಬೇಡಿ, ರ್‍ಯಾಮ್ ಎಷ್ಟಿದೆಯೋ ಅಷ್ಟಾದ್ರೂ ಇಡಿ, ಅಲರ್ಟ್ ಅದರ ಎರಡರಷ್ಟು ಜಾಗ ಉಳಿದಿರುವಾಗ್ಲೇ ಬರ್ಲಿ. ಮೆಮೊರಿಗೂ ಇದೇ ಥರ ಒಂದು ಮಿತಿ ಇದೆ, ದಾಟಿದ್ರೆ ಅಲ್ಲೂ ಕಳಿಸೋರು ಬ್ಲಾಕ್ ಆಗ್ತಾರೆ. ಒಂದೇ ಕನೆಕ್ಷನ್‌ನಲ್ಲಿ ಕಳಿಸೋದೂ ತಗೊಳ್ಳೋದೂ ಎರಡೂ ಮಾಡ್ತಿದ್ರೆ ಬೇರೆ ಬೇರೆ ಮಾಡಿ, ಇಲ್ಲಾಂದ್ರೆ ಬ್ಲಾಕ್ ಆದಾಗ ಆಕ್ ಕೂಡ ಒಳಗೆ ಹೋಗಲ್ಲ. ಡೆಡ್ ಲೆಟರ್ ಕ್ಯೂ (ತಿರಸ್ಕಾರ ಆದ ಮೆಸೇಜ್‌ಗಳು ಹೋಗಿ ಬೀಳೋ ಕ್ಯೂ) ಇದ್ರೆ ರಾತ್ರಿ ಎಬ್ಬಿಸೋದು ಬೇಡ, ಬೆಳಿಗ್ಗೆ ಒಂದ್ಸಲ ನೋಡಿದ್ರೆ ಸಾಕು.

ಪ್ರೊಮಿಥಿಯಸ್ ಅದೇ ಮೆಷಿನ್‌ನಲ್ಲಿ ಇಡಬೇಡಿ, ಆಗೋದಾದ್ರೆ ಅದೇ ಬಿಲ್ಡಿಂಗ್‌ನಲ್ಲೂ ಬೇಡ. ಕರೆಂಟು ಇಂಟರ್ನೆಟ್ಟು ಎರಡೂ ಹೋದ್ರೆ ಹೇಳೋರು ಯಾರು? ನಾನು ಹೊರಗಡೆ ಕ್ಲೌಡ್‌ನಲ್ಲಿ ಒಂದು ಸಣ್ಣ ಮೆಷಿನ್ ಇಟ್ಟಿದೀನಿ, ಇಲ್ಲಿಂದ ನಿಮಿಷಕ್ಕೊಂದು ಖಾಲಿ ಚೀಟಿ ಕ್ಯೂಗೆ ಹೋಗತ್ತೆ, ಕನ್ಸ್ಯೂಮರ್ ಅದನ್ನ ಗುರುತಿಸಿ ಲೆಕ್ಕಕ್ಕೆ ಸೇರಿಸದೆ ಆ ಮೆಷಿನ್‌ಗೆ "ಬಂತು" ಅಂತ ಹೇಳತ್ತೆ, ಐದು ನಿಮಿಷ "ಬಂತು" ಬರಲಿಲ್ಲ ಅಂದ್ರೆ ಅದು ನನಗೆ ಫೋನ್ ಮಾಡತ್ತೆ. ಬೇರೆ ಏನೂ ಮಾಡೋಕೆ ಟೈಮ್ ಇಲ್ಲ ಅಂದ್ರೂ ಇದೊಂದು ಮಾಡಿ, ಡಿಸ್ಕ್ ಆಗ್ಲಿ ಕರೆಂಟ್ ಆಗ್ಲಿ ಕನ್ಸ್ಯೂಮರ್ ಆಗ್ಲಿ, ಆ ಚೀಟಿ ಹೋಗೋ ದಾರಿಲಿ ಎಲ್ಲಿ ನಿಂತ್ರೂ ಇದು ಹಿಡಿಯತ್ತೆ.

ಎಲ್ಲಾ ಹಾಕಿದ ಮೇಲೆ ಒಂದಿನ ಸಂಜೆ ಹಾಲಿನ ಲೆಕ್ಕ ಮುಗಿದ್ಮೇಲೆ ಬೇಕಂತ್ಲೇ ಕನ್ಸ್ಯೂಮರ್ ನಿಲ್ಲಿಸಿ, ನಾಲ್ಕೈದು ಟೆಸ್ಟ್ ಮೆಸೇಜ್ ಹಾಕಿ, ನಿಮ್ಮಿಬ್ಬರ ಫೋನೂ ರಿಂಗ್ ಆಗತ್ತಾ, ಎಷ್ಟು ನಿಮಿಷಕ್ಕೆ ಆಗತ್ತೆ ನೋಡಿ. ನಿಮ್ಮ ವರ್ಷನ್ ಯಾವ್ದು, ಕನ್ಸ್ಯೂಮರ್ ಯಾವ ಭಾಷೆಲಿ ಬರೆದಿದೀರ ಅಂತ ಕೆಳಗೆ ಹೇಳಿ, ನನ್ನ ಅಲರ್ಟ್ ರೂಲ್‌ಗಳನ್ನ ಅದಕ್ಕೆ ಹೊಂದಿಸಿ ಹಾಕ್ತೀನಿ.