ಗ್ಯಾಸ್ ಒಳಗೆ ಹೋಗಿ ಎಣ್ಣೆ ಕರ್ಕೊಂಡು ಬರೋದು ಹೇಗೆ?

ಪ್ರಶ್ನೆ: ಹೋದ ಸಂಚಿಕೇಲಿ ಶೇಲ್ (ಪದರ ಪದರವಾಗಿರೋ ಜೇಡಿಗಲ್ಲು) ಬಾವಿಗಳ ಬಗ್ಗೆ ಬರೀತಾ, ಕಲ್ಲಲ್ಲಿರೋ 100 ಪಾಲು ಎಣ್ಣೇಲಿ 5ರಿಂದ 10 ಪಾಲು ಮಾತ್ರ ಮೇಲೆ ಬರುತ್ತೆ ಅಂದಿದ್ರಿ. ಉಳಿದಿದ್ದನ್ನ ಹಂಗೇ ಬಿಟ್ಟು ಹೋಗ್ತಾರಾ? ಪಕ್ಕದ ಬಾವಿಯಿಂದ ನೀರೋ ಗ್ಯಾಸೋ ಬಿಟ್ಟು ತಳ್ಳೋಕಾಗಲ್ವಾ? ಹಫ್ ಅಂಡ್ ಪಫ್ ಅಂತ ಏನೋ ಇದೆಯಂತಲ್ಲ, ಅದೇನು ಹೇಳಿ.

ಉತ್ತರ: ತಳ್ಳಬೇಕು ಅಂದ್ರೆ ದಾರಿ ಇರ್ಬೇಕಲ್ಲ, ಶೇಲ್‌ನಲ್ಲಿ ಇಲ್ಲದೇ ಇರೋದು ಅದೇ. ಕಲ್ಲೊಳಗೆ ದ್ರವ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ ಡಾರ್ಸಿ ಅನ್ನೋ ಅಳತೇಲಿ ಹೇಳ್ತಾರೆ. ಒಳ್ಳೇ ಮರಳುಗಲ್ಲಿಗೆ ಮಿಲಿಡಾರ್ಸಿ ಲೆಕ್ಕ ಆದ್ರೆ ಶೇಲ್‌ಗೆ ನ್ಯಾನೋಡಾರ್ಸಿ ಲೆಕ್ಕ, ಅಂದ್ರೆ 10 ಲಕ್ಷ ಪಟ್ಟು ಚಿಕ್ಕ ಯೂನಿಟ್ಟು. ಹಳೇ ಮರಳುಗಲ್ಲಿನ ಬಾವಿಗಳಲ್ಲಿ ಒಂದು ಕಡೆ ನೀರು ಬಿಟ್ಟು ಇನ್ನೊಂದು ಕಡೆ ಎಣ್ಣೆ ತೆಗೀತಾರೆ, ಇಲ್ಲಿ ಹಂಗೆ ಮಾಡಿದ್ರೆ ಒಂದು ಬಾವಿಯಿಂದ ಇನ್ನೊಂದಕ್ಕೆ ಕಲ್ಲೊಳಗಿಂದ ಏನೂ ತಲುಪಲ್ಲ, ತಲುಪಿದ್ರೂ ಫ್ರ್ಯಾಕಿಂಗ್ ಮಾಡಿದ (ಅಂದ್ರೆ ಭಾರೀ ಪ್ರೆಶರ್‌ನಲ್ಲಿ ನೀರು ಬಿಟ್ಟು ಕಲ್ಲು ಒಡೆದ) ಬಿರುಕಲ್ಲೇ ಸೀದಾ ಓಡಿಬಿಡುತ್ತೆ, ಎಣ್ಣೆ ಇರೋ ಕಲ್ಲನ್ನ ಮುಟ್ಟೋದೇ ಇಲ್ಲ.

ಅದಕ್ಕೇ ಒಂದೇ ಬಾವೀನ ಎರಡೂ ಕೆಲಸಕ್ಕೆ ಬಳಸ್ತಾರೆ, ನೀವು ಕೇಳಿದ ಹಫ್ ಅಂಡ್ ಪಫ್ ಅಂದ್ರೆ ಇದೇ. ಕೆಲವು ವಾರ, ಕೆಲವು ಸಲ ತಿಂಗಳುಗಟ್ಟಲೆ ಗ್ಯಾಸ್ ಒಳಗೆ ತುಂಬ್ತಾರೆ, ಆಮೇಲೆ ಬಾಯಿ ಮುಚ್ಚಿ ಸ್ವಲ್ಪ ದಿನ ಬಿಡ್ತಾರೆ, ಆಮೇಲೆ ಅದೇ ಬಾವಿ ತೆಗೆದು ಒಂದೆರಡು ತಿಂಗಳೋ ಇನ್ನೂ ಜಾಸ್ತಿಯೋ ಎಣ್ಣೆ ತೆಗೀತಾರೆ, ಇಳುವರಿ ಇಳೀತಾ ಬಂದ್ರೆ ಮತ್ತೆ ಗ್ಯಾಸು. ಈ ಐಡಿಯಾ ಶೇಲ್‌ದಲ್ಲ. 1959ರಲ್ಲಿ ವೆನೆಜುವೆಲಾದ ಮೆನೆ ಗ್ರಾಂದೆಯಲ್ಲಿ ಶೆಲ್ ಕಂಪನಿಯವರು ಗಟ್ಟಿ ಎಣ್ಣೆ ಇರೋ ಜಾಗಕ್ಕೆ ಹಬೆ ಬಿಡ್ತಿದ್ದಾಗ ಅದು ನೆಲ ಒಡ್ಕೊಂಡು ಮೇಲೆ ಬಂತು, ಪ್ರೆಶರ್ ಇಳಿಸೋಕೆ ಅಂತ ಹಬೆ ಬಿಟ್ಟ ಬಾವಿಯನ್ನೇ ತೆಗೆದ್ರೆ ಅದರಿಂದಾನೇ ಎಣ್ಣೆ ಉಕ್ಕಿತು. ಹೋದ ದಾರೀಲೇ ವಾಪಸ್ ಬರೋ ಈ ಪದ್ಧತಿ ಹಂಗೆ ಶುರುವಾಗಿದ್ದು.

ಒಳಗೆ ಏನಾಗುತ್ತೆ ಅಂತ ಹತ್ತಿರದಿಂದ ನೋಡೋಣ, ನನಗೆ ಎಲ್ಲಕ್ಕಿಂತ ಇಷ್ಟವಾಗೋ ಭಾಗ ಇದು. ಒಂದು ಬಿರುಕಿನ ಗೋಡೆ ಅಂದ್ಕೊಳ್ಳಿ. ಆ ಗೋಡೇಲಿರೋ ರಂಧ್ರಗಳು ಎಷ್ಟೋ ಕಡೆ ಕೆಲವೇ ನ್ಯಾನೋಮೀಟರ್‌ನಿಂದ ಹತ್ತಾರು ನ್ಯಾನೋಮೀಟರ್ ಅಷ್ಟೇ, ತಲೆಕೂದಲು ಒಂದು ಹತ್ತಿರ ಹತ್ತಿರ 80,000 ನ್ಯಾನೋಮೀಟರ್ ದಪ್ಪ. ಎಣ್ಣೆ ಅಲ್ಲಿ ಅಂಟ್ಕೊಂಡು ಕೂತಿದೆ, ಮೊದಲಿದ್ದ ಪ್ರೆಶರ್ ಹೋಗಿರೋದ್ರಿಂದ ಅಲ್ಲಾಡ್ತಿಲ್ಲ. ಗ್ಯಾಸ್ ತುಂಬಿದಾಗ ಅದು ಮೊದಲು ಬಿರುಕನ್ನ ತುಂಬಿ, ಆಮೇಲೆ ಗೋಡೆ ಒಳಗೆ ನಿಧಾನಕ್ಕೆ ನುಗ್ಗಿ ಎಣ್ಣೇಲಿ ಕರಗುತ್ತೆ. ಕರಗಿದ ಕೂಡ್ಲೇ ಎಣ್ಣೆ ಊದ್ಕೊಳ್ಳುತ್ತೆ, ತೆಳ್ಳಗಾಗುತ್ತೆ, ಅದರಲ್ಲಿರೋ ಹಗುರ ಅಂಶಗಳು ಗ್ಯಾಸ್ ಜೊತೆ ಸೇರ್ಕೊಳ್ತವೆ. ಬಾವಿ ತೆಗೆದಾಗ ಸೋಡಾ ಬಾಟಲ್ ಮುಚ್ಚಳ ತೆಗೆದ ಹಾಗೇ, ಕರಗಿದ್ದ ಗ್ಯಾಸ್ ಬಿಡಿಸ್ಕೊಂಡು ಹೊರಗೆ ಬರ್ತಾ ಎಣ್ಣೇನೂ ಎಳ್ಕೊಂಡು ಬರುತ್ತೆ. ಇಲ್ಲಿ ಬಿರುಕು ಜಾಸ್ತಿ ಇದ್ದಷ್ಟೂ ಗ್ಯಾಸ್ ತಾಗೋ ಗೋಡೆ ಜಾಸ್ತಿ, ಅಂದ್ರೆ ಪಕ್ಕದ ಬಾವಿಯಿಂದ ತಳ್ಳೋದಕ್ಕೆ ಅಡ್ಡಿಯಾಗಿದ್ದ ಬಿರುಕೇ ಇಲ್ಲಿ ಸಹಾಯಕ್ಕೆ ಬರುತ್ತೆ.

ಪ್ರಶ್ನೆ: ಯಾವ ಗ್ಯಾಸ್ ಒಳ್ಳೇದು? ಕಾರ್ಬನ್ ಡೈಆಕ್ಸೈಡ್ ಅಂತಾರೆ, ನಿಜಾನಾ?

ಉತ್ತರ: ಲ್ಯಾಬಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತೆ, ಮೀಥೇನ್‌ಗಿಂತ ಕಡಿಮೆ ಪ್ರೆಶರ್‌ನಲ್ಲೇ ಎಣ್ಣೆ ಜೊತೆ ಪೂರ್ತಿ ಬೆರೆಯುತ್ತೆ. ಆದ್ರೆ ಅದನ್ನ ಪೈಪಲ್ಲಿ ತರಿಸ್ಬೇಕು, ನೀರಿನ ಜೊತೆ ಸೇರಿದ್ರೆ ಆಸಿಡ್ ಆಗಿ ಕಬ್ಬಿಣ ತಿನ್ನುತ್ತೆ. ಬಾವಿಯಿಂದಾನೇ ಬರೋ ಗ್ಯಾಸ್ ಅಲ್ಲೇ ಕೈಗೆ ಸಿಗುತ್ತೆ, ಅದರಲ್ಲಿ ಈಥೇನ್ ಪ್ರೊಪೇನ್ ಇದ್ದಷ್ಟೂ ಎಣ್ಣೆ ಜೊತೆ ಬೇಗ ಬೆರೆಯುತ್ತೆ, ಕೆಲಸ ಮುಗಿದ ಮೇಲೆ ವಾಪಸ್ ಬಂದಷ್ಟನ್ನ ಮಾರ್ಕೋಬಹುದು. ನನ್ನ ಓಟು ಇದಕ್ಕೇ. ಅಮೆರಿಕದ ನಾರ್ತ್ ಡಕೋಟಾದಲ್ಲಿರೋ ಬಾಕೆನ್ ಶೇಲ್ ಪ್ರದೇಶದಲ್ಲಿ ಒಂದು ಕಾಲದಲ್ಲಿ ಬಾವಿಯಿಂದ ಬಂದ ಗ್ಯಾಸಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನ ಸಾಗಿಸೋಕೆ ಪೈಪಿಲ್ಲ ಅಂತ ಅಲ್ಲೇ ಸುಟ್ಟುಹಾಕ್ತಿದ್ರು, ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ಇದೆಲ್ಲ ಕೇಳೋಕೆ ಚೆನ್ನಾಗಿದೆ ಸಾರ್, ನಿಜವಾಗ್ಲೂ ಎಣ್ಣೆ ಜಾಸ್ತಿ ಬಂದಿದ್ಯಾ?

ಉತ್ತರ: ಬಂದಿದೆ, ಎಲ್ಲಾ ಕಡೆ ಬಂದಿಲ್ಲ. ಟೆಕ್ಸಾಸ್‌ನ ಈಗಲ್ ಫೋರ್ಡ್ ಶೇಲ್ ಪ್ರದೇಶದಲ್ಲಿ ಇಒಜಿ ರಿಸೋರ್ಸಸ್ ಕಂಪನಿ ಕೆಲವು ವರ್ಷ ಸದ್ದಿಲ್ಲದೆ ಪ್ರಯೋಗ ಮಾಡಿ 2016ರಲ್ಲಿ ಹೊರಗೆ ಹೇಳ್ತು, ಗ್ಯಾಸ್ ತುಂಬದೇ ಬಾವಿಯಿಂದ ಸಿಗೋದಕ್ಕಿಂತ 30ರಿಂದ 70 ಪರ್ಸೆಂಟ್ ಜಾಸ್ತಿ ಸಿಗಬಹುದು ಅಂತ. ಈ 70ನ್ನ ಎಷ್ಟೋ ಜನ ತಪ್ಪು ಓದ್ತಾರೆ. ಕಲ್ಲಲ್ಲಿ 100 ಬ್ಯಾರೆಲ್ ಇದ್ದು ಗ್ಯಾಸ್ ತುಂಬದೇ 8 ಬಂದಿತ್ತು ಅಂದ್ರೆ, ಅದರ ಮೇಲೆ ಎರಡೂವರೆಯಿಂದ ಐದೂವರೆ ಬ್ಯಾರೆಲ್ ಸೇರುತ್ತೆ ಅಷ್ಟೇ, ಒಟ್ಟು ಹತ್ತೂವರೆಯಿಂದ ಹದಿಮೂರೂವರೆ. ಹಂಗಂತ ಸಣ್ಣದಲ್ಲ ಅದು, ಹೊಸ ಬಾವಿ ಕೊರೀದೇ ಹೊಸ ಫ್ರ್ಯಾಕಿಂಗ್ ಮಾಡ್ದೇ ಸಿಗೋ ಎಣ್ಣೆ.

ಬಾಕೆನ್‌ನಲ್ಲಿ 2008-09ರ ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ ಹಾಕಿ ನೋಡಿದಾಗ ಹೇಳ್ಕೊಳ್ಳೋವಷ್ಟು ಎಣ್ಣೆ ಬರ್ಲಿಲ್ಲ. ಗ್ಯಾಸ್ ಒಳಗೆ ಹೋಗೋದೇನೋ ಸಲೀಸಾಗಿ ಹೋಯ್ತು, ಹೋದದ್ದು ಬೇಕಾದ ಜಾಗದಲ್ಲಿ ನಿಲ್ಲಲಿಲ್ಲ. ಈ ಪದ್ಧತಿ ಗೆಲ್ಲೋದು ಸೋಲೋದು ಇದರ ಮೇಲೇ ನಿಂತಿದೆ ಅಂತ ನಾನು ನಂಬ್ತೀನಿ. ಬಾವಿಗಳು ಹತ್ತಿರ ಹತ್ತಿರ ಇದ್ದು ಒಂದರ ಬಿರುಕು ಇನ್ನೊಂದಕ್ಕೆ ತಾಗಿದ್ರೆ ಗ್ಯಾಸ್ ಪಕ್ಕದ ಬಾವೀಲಿ ಹೊರಗೆ ಬರುತ್ತೆ, ಪ್ರೆಶರ್ ಏರೋದೇ ಇಲ್ಲ, ಕಲ್ಲೊಳಗೆ ನುಗ್ಗೋಕೆ ಅದಕ್ಕೆ ಟೈಮೂ ಸಿಗಲ್ಲ, ಬಂದ ದಾರಿಗೆ ಸುಂಕವಿಲ್ಲ ಅಂತ ಬರಿಗೈಲಿ ವಾಪಸ್ ಬರುತ್ತೆ. ಅದಕ್ಕೇ ಒಂದು ಗುಂಪಿನ ಬಾವಿಗಳಿಗೆಲ್ಲ ಒಟ್ಟಿಗೇ ಗ್ಯಾಸ್ ತುಂಬೋದು, ಇಲ್ಲಾಂದ್ರೆ ಅಕ್ಕಪಕ್ಕದವನ್ನ ಅಷ್ಟು ದಿನ ಮುಚ್ಚಿಡೋದು ಮಾಡ್ತಾರೆ. ಪ್ರೆಶರ್ ಅಂದ್ರೆ ಸಾಮಾನ್ಯದ್ದಲ್ಲ, ಕಾರ್ ಟೈರಲ್ಲಿ 30 ಪಿಎಸ್‌ಐ ಚಿಲ್ರೆ ಇದ್ರೆ ಇಲ್ಲಿ ಹಲವು ಸಾವಿರ ಪಿಎಸ್‌ಐ ಬೇಕು, ಅದಕ್ಕೆ ತಕ್ಕ ಕಂಪ್ರೆಸರ್ ಖರ್ಚೇ ದೊಡ್ಡದು. ಸುತ್ತು ಕಳೆದ ಹಾಗೆ ಸಿಗೋ ಎಣ್ಣೆ ಕಮ್ಮಿಯಾಗ್ತಾ ಬರುತ್ತೆ, ಬಿರುಕಿಗೆ ಹತ್ತಿರ ಇದ್ದದ್ದು ಮೊದಲೇ ಬಂದು ಹೋಗಿರುತ್ತಲ್ಲ. ಇನ್ನೊಂದು ಸುತ್ತು ಬೇಕಾ ಬೇಡ್ವಾ ಅನ್ನೋದನ್ನ ಕೊನೆಗೆ ಹೇಳೋದು ಕಂಪ್ರೆಸರ್ ಖರ್ಚು ಮತ್ತೆ ಆ ಹೊತ್ತಿನ ಗ್ಯಾಸ್ ರೇಟು.