ಸೂಜಿ ದಾರ: ಅವ್ವನ ಸೀರೆ, ಶಾವಿಗೆ ಆಗೋ ನೂಲು, ಜಿಪ್ ಇಲ್ಲದ ಗೌಸು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೇ ಬಟ್ಟೆ ಬಗ್ಗೆನೇ. ಹೊಸ ಬಟ್ಟೆ ತಂದು ಏನಾದ್ರೂ ಹೊಲೀಬೇಕು ಅಂದವರು ಇಬ್ಬರೇ, ಉಳಿದವರದ್ದೆಲ್ಲ ಬೀರು ತುಂಬಿದೆ ಏನ್ ಮಾಡ್ಲಿ ಅನ್ನೋ ಗೋಳು. ನಂಗಂತೂ ಖುಷಿ ಆಯ್ತು ಯಾಕಂದ್ರೆ ಕೈ ಪಳಗೋದು ಹಳೇ ಬಟ್ಟೆ ಮೇಲೇನೇ, ಹೊಸದಕ್ಕೆ ಕತ್ತರಿ ಇಡೋಕೆ ಭಯ ಆಗತ್ತೆ, ಹಳೇದು ಕೆಟ್ರೆ ಒರೆಸೋ ಬಟ್ಟೆ ಆಯ್ತು ಅಷ್ಟೇ.

ನಮ್ಮವ್ವ ಹೋಗಿ ವರ್ಷ ಆತ್ರಿ. ಆಕಿ ಸೀರಿ ಒಂದು ಟ್ರಂಕ್ ತುಂಬ ಅದಾವ. ಉಡಾಕ ಮನಸ್ಸು ಬರಂಗಿಲ್ಲ, ಯಾರಿಗರ ಕೊಡಾಕಂತೂ ಬರಂಗೇ ಇಲ್ಲ. ಕೌದಿ ಹೊಲಿಬೇಕಂತ ಮಾಡೀನಿ. ಮೊದಲ ನಮ್ಮ ಓಣ್ಯಾಗ ಕೌದಿ ಹೊಲಿಯೋ ಹೆಣ್ಮಕ್ಕಳು ಬರ್ತಿದ್ರು, ಈಗ ಯಾರೂ ಬರಂಗಿಲ್ಲ. ನನಗ ಬಟನ್ ಹಚ್ಚೋದು ಬಿಟ್ರ ಏನೂ ಬರಂಗಿಲ್ರಿ. ನಾನೇ ಹೊಲಿಬೌದಾ? ಎಷ್ಟು ಸೀರಿ ಬೇಕು?
(ಒಬ್ಬ ಓದುಗರು, ಹಾವೇರಿ)

ಹೊಲೀಬೋದು ಅಕ್ಕಾ, ಬಟನ್ ಹಚ್ಚೋಕೆ ಬಂದ್ರೆ ಕೌದಿನೂ ಬರತ್ತೆ. ಕೌದಿಗೆ ಮಿಷನ್ ಬೇಡ, ಗೊತ್ತಿರಬೇಕಾದ್ದು ಒಂದೇ ಹೊಲಿಗೆ, ಮುಂದೆ ಮುಂದೆ ಹೋಗೋ ಆ ಸಾದಾ ಹೊಲಿಗೆ. ಅದನ್ನೇ ಸಾವಿರ ಸಲ ಹಾಕೋ ತಾಳ್ಮೆ ಬೇಕು, ಅದು ಬೇರೆ ಮಾತು.

ಮೊದಲು ಸೀರೆ ಆರಿಸ್ಕೊಳ್ಳಿ. ಕಾಟನ್ ಸೀರೆಗಳೆಲ್ಲ ಒಂದು ಕಡೆ, ಸಿಂಥೆಟಿಕ್ ಒಂದು ಕಡೆ, ರೇಷ್ಮೆ ಒಂದು ಕಡೆ. ಸಿಂಥೆಟಿಕ್ ಬಟ್ಟೆ ಬೆವರು ಹೀರಲ್ಲ, ಹೊಲಿಯುವಾಗ ಜಾರಿ ಜಾರಿ ಪ್ರಾಣ ತಿನ್ನತ್ತೆ, ಹಾಕಲೇಬೇಕು ಅಂದ್ರೆ ನಡುವಿನ ಪದರಕ್ಕೆ ಹಾಕಿ. ಹಳೇ ರೇಷ್ಮೆ ಮಡಿಕೆ ಇದ್ದ ಕಡೆನೇ ಸೀಳಿಹೋಗತ್ತೆ, ಅದನ್ನ ದಿನಾ ಹೊದೆಯೋ ಕೌದಿಗೆ ಹಾಕೋದು ಬೇಡ. ಕಾಟನ್ ಸೀರೆನ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಕೂತು ಎದ್ದು ಸವೆದ ಜಾಗ ಜಾಳುಜಾಳಾಗಿ ಕಾಣತ್ತೆ. ಗಟ್ಟಿ ಇರೋ ಎರಡು ಮೇಲೆ ಕೆಳಗೆ, ಸವೆದವು ಒಳಗೆ. ಫಾಲ್ ಬಿಚ್ಚಿಬಿಡಿ, ಚುಚ್ಚೋ ಜರಿ ಅಂಚು ಇದ್ರೆ ಅದನ್ನೂ ತೆಗೀರಿ.

ಆಮೇಲೆ ಎಲ್ಲಾನೂ ಒಗೀರಿ. ಇದನ್ನ ಬಿಟ್ಟು ನಾನು ಕೆಟ್ಟಿದೀನಿ. ಮೊದಲ ಕೌದಿ ಹೊಲಿದಾಗ ಅತ್ತೆಯ ಬಿಳಿ ಸೀರೆ ಪಕ್ಕ ಒಂದು ಕೆಂಪು ಸೀರೆ ತುಂಡು ಹಾಕಿದ್ದೆ, ಎರಡು ತಿಂಗಳ ಕೆಲಸ, ಮೊದಲ ಒಗೆತಕ್ಕೇ ಇಡೀ ಕೌದಿ ಹೋಳಿ ಆಡಿದಂಗಾಯ್ತು, ಅತ್ತೆ ಏನೂ ಅನ್ನಲಿಲ್ಲ ಅದೇ ಜಾಸ್ತಿ ಉರೀತು ನಂಗೆ. ಅದಕ್ಕೇ ಗಾಢ ಬಣ್ಣದ ಸೀರೆ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ಉಜ್ಜಿ ನೋಡಿ, ಬಣ್ಣ ಹತ್ತಿದ್ರೆ ಬಿಡೋವರೆಗೂ ಬೇರೆನೇ ಒಗೀತಿರಿ, ಬಿಡದಿದ್ರೆ ಆ ಸೀರೆ ಕೌದಿಗೆ ಬೇಡ.

ಲೆಕ್ಕ ಹೀಗೆ. ಸಾಮಾನ್ಯ ಸೀರೆ ಐದೂವರೆ ಮೀಟರ್, ಅಂದ್ರೆ ಸುಮಾರು 216 ಇಂಚು ಉದ್ದ, 45 ಇಂಚು ಅಗಲ. ಅದರಲ್ಲಿ 90 ಇಂಚಿನ ಎರಡು ತುಂಡು ಮಾಡಿ ಪಕ್ಕಪಕ್ಕ ಜೋಡಿಸಿದ್ರೆ ಇಬ್ಬರು ಹೊದೆಯೋ ಅಷ್ಟು ದೊಡ್ಡ ಒಂದು ಪದರ ಆಯ್ತು, ಮೂರು ಅಡಿ ಉಳಿಯತ್ತೆ. ನಾಲ್ಕು ಸೀರೆ ಅಂದ್ರೆ ನಾಲ್ಕು ಪದರ, ಸಾಕು, ಇನ್ನೂ ಹಾಕಿದ್ರೆ ಒದ್ದೆ ಆದಾಗ ಎತ್ತೋಕಾಗಲ್ಲ. ನಿಮ್ಮ ಕಡೆ ಹಿರಿಯರು ಉಡೋ ಇಲಕಲ್ ಸೀರೆ ಎಂಟು ಗಜ ಒಂಬತ್ತು ಗಜನೂ ಇರ್ತಾವೆ, ಅಳೆದು ನೋಡ್ಕೊಳ್ಳಿ. ಅವ್ವ ಉಟ್ಟ ಇಲಕಲ್ ಇದ್ರೆ ಕೆಂಪು ಬಿಳಿ ವಿನ್ಯಾಸದ ಅದರ ಟೋಪ ತೆನಿ ಸೆರಗನ್ನ ಒಳಗೆ ಹಾಕಿ ಮುಚ್ಚಬೇಡಿ, ಕೌದಿಯ ಮೇಲ್ಮುಖಕ್ಕೆ ಬರೋ ಹಂಗೆ ಇಡಿ.

ನೆಲ ಒರೆಸಿ, ಒಂದರ ಮೇಲೊಂದು ಹಾಸಿ, ನಡುವಿನಿಂದ ಅಂಚಿನ ಕಡೆ ಕೈಯಿಂದ ಸವರಿ ಸುಕ್ಕು ತೆಗೀರಿ, ನಾಲ್ಕು ಮೂಲೆಗೂ ಭಾರ ಇಡಿ (ನಮ್ಮನೇಲಿ ಎಣ್ಣೆ ಡಬ್ಬ, ಮಗನ ಡಂಬಲ್ಸ್, ಏನು ಸಿಕ್ತೋ ಅದು). ಮೊದಲು ಗೇಣಿಗೊಂದು ಸಾಲಿನಂತೆ ದೊಡ್ಡ ದೊಡ್ಡದಾಗಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಬಿಚ್ಚೋಕೆ. ಇದು ಬೇಜಾರಿನ ಕೆಲಸ ಅಂತ ಬಿಟ್ರೋ, ಕೊನೇಲಿ ಕೆಳಗಿನ ಪದರ ಒಂದು ಕಡೆ ಮೇಲಿನದು ಇನ್ನೊಂದು ಕಡೆ ಹೋಗಿರತ್ತೆ. ಅಂಚು ಒಳಗೆ ಮಡಚಿ ಹೊಲಿದು, ಅಲ್ಲಿಂದ ಸುತ್ತು ಹಾಕ್ತಾ ಒಳಕ್ಕೆ ಬನ್ನಿ, ಸಾಲಿಂದ ಸಾಲಿಗೆ ಒಂದು ಬೆರಳಿನ ಅಗಲ. ದಪ್ಪ ಕಾಟನ್ ದಾರ, ಉದ್ದ ಕಣ್ಣಿನ ಸೂಜಿ. ದಾರ ಮೊಳಕ್ಕಿಂತ ಉದ್ದ ತಗೋಬೇಡಿ, ಉದ್ದ ತಗೊಂಡ್ರೆ ಬೇಗ ಮುಗಿಯತ್ತೆ ಅನ್ಸತ್ತೆ ಆದ್ರೆ ಸಿಕ್ಕು ಬಿಡಿಸೋದ್ರಲ್ಲೇ ಮಧ್ಯಾಹ್ನ ಹೋಗತ್ತೆ.

ಉಳಿದ ಮೂರಡಿ ತುಂಡುಗಳನ್ನ ಚೌಕ ಕತ್ತರಿಸಿ ಮುಖದ ಮೇಲೆ ಹಚ್ಚಬೋದು. ನಿಮಗೆ ಹತ್ತಿರದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಣ್ಮಕ್ಕಳು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ಯಾವಾಗಾದ್ರೂ ನೋಡಿ. ಅವರು ಒಂದು ಮೂಲೆಯಿಂದ ಶುರು ಮಾಡಿ ತುಂಡು ಹಚ್ತಾ ಹಚ್ತಾ ಅಂಚು ಸುತ್ತಿ ನಡುವಿಗೆ ಬರ್ತಾರೆ, ಮೊದಲೇ ಡಿಸೈನ್ ಬರ್ಕೊಂಡು ಕೂರಲ್ಲ, ಕೊನೇಲಿ ಮೂಲೆಗಳಿಗೆ ಬಟ್ಟೆ ಮಡಚಿದ ಪುಟ್ಟ ತ್ರಿಕೋನಗಳನ್ನ ಹಚ್ತಾರೆ, ಅದಕ್ಕೆ ಫುಲ ಅಂತಾರೆ. ಅದಿಲ್ಲದಿದ್ರೆ ಕವಂದಿ ಬೆತ್ತಲೆ ಅಂತ ಅವರ ಲೆಕ್ಕ.

ಇಷ್ಟು ದೊಡ್ಡದಕ್ಕೆ ಈಗಲೇ ಧೈರ್ಯ ಬರ್ಲಿಲ್ಲ ಅಂದ್ರೆ ಒಂದೇ ಸೀರೆ ತಗೊಂಡು ಉದ್ದಕ್ಕೆ ನಾಲ್ಕಾಗಿ ಮಡಚಿ. ಕತ್ತರಿನೇ ಬೇಡ, 54ಕ್ಕೆ 45 ಇಂಚಿನ ನಾಲ್ಕು ಪದರ, ಮಗುವಿನ ಕೌದಿ ಆಯ್ತು. ಮೊಮ್ಮಕ್ಕಳಿದ್ರೆ ಅಲ್ಲಿಂದಲೇ ಶುರು ಮಾಡಿ.

ಮೇಡಂ, ನಾನು ಸಾಫ್ಟ್‌ವೇರ್ ಕೆಲಸದವನು, ವಯಸ್ಸು 27. ರೂಮಿಗೆ ಪರದೆ ಹೊಲಿಯೋಣ ಅಂತ ಸೆಕೆಂಡ್ ಹ್ಯಾಂಡಲ್ಲಿ ಕಾಲಲ್ಲಿ ತುಳಿಯೋ ಕಪ್ಪು ಮಿಷನ್ ತಗೊಂಡೆ. ಮೇಲೆ ಹೊಲಿಗೆ ಸರಿ ಕಾಣತ್ತೆ, ಬಟ್ಟೆ ತಿರುಗಿಸಿ ನೋಡಿದ್ರೆ ಕೆಳಗಡೆ ನೂಲು ಶಾವಿಗೆ ತರ ಗುಡ್ಡೆ. ಬಾಬಿನ್ ಹಾಳಾಗಿದೆ ಅಂತ ಎರಡು ಬಾಬಿನ್ ಬದಲಾಯಿಸಿದೆ, ಏನೂ ಆಗ್ಲಿಲ್ಲ. ಫ್ರೆಂಡ್ಸ್ ನಗ್ತಿದಾರೆ.
(ಬೆಂಗಳೂರು)

ನಗಲಿ ಬಿಡಪ್ಪಾ, ಪರದೆ ರೆಡಿ ಆದ್ಮೇಲೆ ಅವರದ್ದೇ ಪ್ಯಾಂಟ್ ಹಿಡ್ಕೊಂಡು ಬರ್ತಾರೆ ಚಿಕ್ಕದು ಮಾಡ್ಕೊಡು ಅಂತ.

ಎಲ್ಲರೂ ಎಡವೋದು ಇಲ್ಲೇ, ಕೆಳಗಡೆ ಗುಡ್ಡೆ ಅಂದ್ರೆ ತಪ್ಪು ಬಾಬಿನ್‌ದು (ಕೆಳಗಿನ ನೂಲು ಸುತ್ತಿರೋ ಪುಟ್ಟ ಉರುಳೆ) ಅನ್ಕೋತಾರೆ. ಸಾಮಾನ್ಯವಾಗಿ ತಪ್ಪು ಮೇಲಿನ ನೂಲಿಂದು. ಮೇಲಿನ ನೂಲನ್ನ ಬಿಗಿ ಹಿಡಿಯೋಕೆ ಎರಡು ಸಣ್ಣ ಬಿಲ್ಲೆ ಇದಾವಲ್ಲ, ಟೆನ್ಷನ್ ಸ್ಕ್ರೂ ಹತ್ರ, ನೂಲು ಆ ಬಿಲ್ಲೆಗಳ ಮಧ್ಯೆ ಕೂತಿರಲ್ಲ, ಹಿಡಿತ ಇಲ್ಲದೆ ಸಡಿಲ ಆದ ನೂಲೆಲ್ಲ ಕೆಳಗೆ ಹೋಗಿ ಸೇರ್ಕೊಳ್ಳತ್ತೆ. ಬಟ್ಟೆ ಒತ್ತಿ ಹಿಡಿಯೋ ಪಾದ ಕೆಳಗಿದ್ದಾಗ ಆ ಬಿಲ್ಲೆಗಳು ಮುಚ್ಕೊಂಡಿರ್ತಾವೆ, ಪಾದ ಎತ್ತಿದಾಗ ತೆರ್ಕೊತಾವೆ. ಹಾಗಾಗಿ ನೂಲು ಪೋಣಿಸುವಾಗ ಪಾದ ಮೇಲೆ, ಹೊಲಿಯುವಾಗ ಪಾದ ಕೆಳಗೆ. ಎಲ್ಲಾ ಬಿಚ್ಚಿ ಮೊದಲಿಂದ ಪೋಣಿಸು, ಮೇಲೆ ಕೆಳಗೆ ಆಡೋ ಆ ಕಡ್ಡಿಯ ತೂತನ್ನೂ ಬಿಡಬೇಡ.

ಅದಾದ್ಮೇಲೂ ಗುಡ್ಡೆ ಬಂದ್ರೆ ಸೂಜಿ ನೋಡು. ಮಿಷನ್ ಸೂಜಿಯ ಒಂದು ಕಡೆ ಉದ್ದಕ್ಕೂ ಸಣ್ಣ ಕಾಲುವೆ ತರ ಇರತ್ತೆ, ಉಗುರಲ್ಲಿ ಸವರಿದ್ರೆ ಗೊತ್ತಾಗತ್ತೆ, ನೂಲು ಆ ಕಡೆಯಿಂದಲೇ ಕಣ್ಣಿಗೆ ಹೋಗಬೇಕು. ಸೂಜಿ ತಿರುಗಾಮುರುಗಾ ಹಾಕಿದ್ರೆ ಮಿಷನ್ ಹೊಲಿಯಲ್ಲ, ಹಟ ಮಾಡತ್ತೆ. ಸಾಧಾರಣ ಕಾಟನ್‌ಗೆ 14 ನಂಬರ್, ಜೀನ್ಸ್ ತರದ ದಪ್ಪಕ್ಕೆ 16. ಇನ್ನೊಂದು, ತುಳಿಯೋದು ಹೊಸದಾದ್ರೆ ಚಕ್ರ ಉಲ್ಟಾ ತಿರುಗಿಬಿಡತ್ತೆ, ನೂಲು ಸಿಕ್ಕಾಗೋಕೆ ಅದೂ ಒಂದು ಕಾರಣ. ಕೈ ಚಕ್ರನ ನಿನ್ನ ಕಡೆಗೆ ತಿರುಗಿಸಿ ಆಮೇಲೆ ಕಾಲು ಕೊಡು, ನೂಲು ಹಾಕದೆ ಹಳೇ ನ್ಯೂಸ್‌ಪೇಪರ್ ಮೇಲೆ ಗೆರೆ ಹಿಡಿದು ಒಂದು ದಿನ ಹೊಡಿ. ನಮ್ಮ ಕಾಲದಲ್ಲಿ ಟೈಲರಿಂಗ್ ಕ್ಲಾಸಲ್ಲಿ ಮೊದಲ ವಾರ ಪೂರ್ತಿ ಅದೇ.

ಬಾಬಿನ್ ಕೂರೋ ಡಬ್ಬಿ, ಬಾಬಿನ್ ಕೇಸ್, ಅದರ ಪರೀಕ್ಷೆನೂ ಸುಲಭ. ನೂಲು ಹಿಡಿದು ಕೇಸನ್ನ ನೇತಾಡಿಸು, ತಾನೇ ಸರ್ರಂತ ಇಳಿದ್ರೆ ಸಡಿಲ, ಕೈ ಜಾಡಿಸಿದ್ರೂ ಕದಲದಿದ್ರೆ ಬಿಗಿ, ಜಾಡಿಸಿದಾಗ ಒಂಚೂರು ಇಳಿದು ನಿಂತ್ರೆ ಸರಿ. ಸೂಜಿ ಕೆಳಗಿನ ಹಲ್ಲಿನ ಪ್ಲೇಟ್ ಬಿಚ್ಚಿ ಬ್ರಷ್‌ನಲ್ಲಿ ಧೂಳು ತೆಗಿ, ಮಿಷನ್ ಎಣ್ಣೆ ಹಾಕು. ಮಿಷನ್ ಎಣ್ಣೆ ಅಂದೆ, ಕೊಬ್ಬರಿ ಎಣ್ಣೆ ಅಲ್ಲ.

ದಿಂಬಿನ ಗೌಸಿಗೆ ಜಿಪ್ ಇಲ್ಲದೆ, ಗುಂಡಿ ಇಲ್ಲದೆ ಹೊಲಿಯೋ ವಿಧಾನ ಅಳತೆ ಸಮೇತ ಹೇಳಿ. ಹಳೇ ಬೆಡ್‌ಶೀಟ್ ಇದೆ.
(ಗೃಹಿಣಿ, ಶಿವಮೊಗ್ಗ)

ನಿಮ್ಮ ದಿಂಬು 17ಕ್ಕೆ 27 ಇಂಚು ಅಂತ ಇಟ್ಕೊಳ್ಳೋಣ, ಅಂಗಡೀಲಿ ಹೆಚ್ಚು ಸಿಗೋ ಸೈಜ್ ಅದು. 62 ಇಂಚು ಉದ್ದ, 18 ಇಂಚು ಅಗಲದ ಒಂದೇ ಪಟ್ಟಿ ಕತ್ತರಿಸಿ, ದಿಂಬು ಉಬ್ಬಿದ್ರೆ ಅಗಲಕ್ಕೆ ಇನ್ನೊಂದಿಂಚು ಸೇರಿಸಿ. ಎರಡೂ ತುದಿ ಒಂದೊಂದು ಇಂಚು ಮಡಚಿ ಹೊಲಿದ್ರೆ 60 ಉಳಿಯತ್ತೆ. ಈಗ ಬಟ್ಟೆಯ ಒಳ್ಳೇ ಮುಖ ಮೇಲೆ ಬರೋ ಹಂಗೆ ಹಾಸಿ ಒಂದು ತುದಿನ 27 ಇಂಚು ಮಡಚಿ, ಇನ್ನೊಂದು ತುದೀಲಿ 6 ಇಂಚು ಹೊರಗೆ ಉಳಿಯತ್ತಲ್ಲ, ಅದನ್ನ ಇದರ ಮೇಲೆ ಮಡಚಿ. ಎರಡೂ ಪಕ್ಕ ಅರ್ಧ ಇಂಚು ಒಳಗೆ ನೇರ ಹೊಲಿಗೆ, ತಿರುವಿ ಹಾಕಿ, ಮುಗೀತು. ಆ ಆರಿಂಚು ಒಳಗೆ ಜೇಬಿನ ತರ ಕೂರತ್ತೆ, ದಿಂಬು ಇಣುಕಲ್ಲ. ಅರ್ಧ ಗಂಟೆ ಕೆಲಸ. ಬೆಡ್‌ಶೀಟ್ ನಡುವೆ ಸವೆದಿರತ್ತೆ, ಅಂಚಿನ ಕಡೆಯಿಂದ ಕತ್ತರಿಸಿ.

ನಾನು ಶಾಲಾ ಶಿಕ್ಷಕಿ. ಮಕ್ಕಳಿಗೆ ಕರಕುಶಲ ತರಗತಿಗೆ ಚಿಂದಿ ಬಟ್ಟೇಲಿ ಏನಾದ್ರೂ ಹೇಳಿ, ಫೋಮ್ ಶೀಟು ಗ್ಲಿಟರು ಸಾಕಾಗಿದೆ.
(ತುಮಕೂರು)

ನಿಮ್ಮ ಬಾಯಿಗೆ ಸಕ್ಕರೆ ಹಾಕ, ಆ ಗ್ಲಿಟರ್ ಒಂದು ಸಲ ಮನೆಗೆ ಬಂದ್ರೆ ಸಾಂಬಾರಲ್ಲೂ ಸಿಗತ್ತೆ.

ಸಿಂಬಿ ಮಾಡ್ಸಿ. ತಲೆ ಮೇಲೆ ಕೊಡ ಹೊರುವಾಗ ಇಡ್ತಿದ್ವಲ್ಲ ಅದು, ಈಗ ಕೊಡ ಹೊರೋರು ಕಡಿಮೆ ಆದ್ರೆ ಬಿಸಿ ಪಾತ್ರೆ ಊಟದ ಟೇಬಲ್ ಮೇಲೆ ಇಡೋಕೆ ಅದಕ್ಕಿಂತ ಒಳ್ಳೇದಿಲ್ಲ. ಬಟ್ಟೆ ಹೊಸೆದು ಬಳೆ ಆಕಾರಕ್ಕೆ ಸುತ್ತಿ, ಮೇಲೆ ಇನ್ನೊಂದು ಪಟ್ಟಿ ಒತ್ತೊತ್ತಾಗಿ ಸುತ್ತಿ ತುದಿ ಹೊಲಿದ್ರೆ ಸಾಕು. ಅದು ಬಂದ್ಮೇಲೆ ಕಾಲೊರಸು. ಎರಡಿಂಚು ಅಗಲದ ಕಾಟನ್ ಪಟ್ಟಿ ಮೂರು, ಜಡೆ ಹೆಣೆಯೋ ಹಂಗೆ ಹೆಣೆದು, ಪಟ್ಟಿ ಮುಗಿದಂಗೆ ಇನ್ನೊಂದು ಸೇರಿಸ್ತಾ ಹೋಗಿ, ಆ ಜಡೆನ ಚಕ್ಕುಲಿ ತರ ಸುತ್ತಿ ಪಕ್ಕಪಕ್ಕಕ್ಕೆ ಹೊಲಿಯೋದು. ಮಕ್ಕಳು ಜಡೆನ ಎಳೆದೆಳೆದು ಸುತ್ತುತಾರೆ, ಆಗ ಕಾಲೊರಸು ಹೋಗಿ ಬೋಗುಣಿ ಆಗತ್ತೆ. ಮೇಜಿನ ಮೇಲೆ ಚಪ್ಪಟೆ ಇಟ್ಕೊಂಡೇ ಸುತ್ತೋಕೆ ಹೇಳಿ. ಬೋಗುಣಿ ಆದ್ರೂ ಬೈಬೇಡಿ, ಬಟನ್ ಹಾಕಿಡೋಕೆ ಆಗತ್ತೆ.

ಕಸೂತಿ ಕಲೀತಿದೀನಿ. ಹಿಂದೆ ಗಂಟು ಹಾಕಿದ್ರೆ ನಮ್ಮ ಟೀಚರ್ ಬಿಚ್ಚಿಸ್ತಾರೆ. ಗಂಟಿಲ್ಲದೆ ದಾರ ನಿಲ್ಲೋದು ಹೆಂಗೆ?
(ಬೆಳಗಾವಿ)

ಟೀಚರ್ ಸರಿ ಇದಾರೆ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಎರಡೂ ಹಿಂದೆ ಮುಂದೆ ಒಂದೇ ತರ ಕಾಣಬೇಕು, ಗಂಟಿದ್ರೆ ಆ ಚಂದ ಹೋಯ್ತು. ಶುರುವಲ್ಲಿ ಎರಡಿಂಚು ದಾರ ಹಂಗೇ ಬಿಡಿ, ಗವಂತಿ ಹೆಂಗೂ ಹೋದ ದಾರೀಲೇ ವಾಪಸ್ ಬರೋ ಹೊಲಿಗೆ ಅಲ್ವಾ, ಮುಗಿದ ಮೇಲೆ ಬಿಟ್ಟ ತುದಿನ ಅದೇ ಹೊಲಿಗೆಗಳ ಒಳಗೆ ನುಗ್ಗಿಸಿ. ಶುರುಗೆ ಎಳೆ ಎಣಿಸೋಕೆ ಬರೋ ಮ್ಯಾಟಿ ಬಟ್ಟೆ ತಗೊಳ್ಳಿ, ಸೀರೆ ಆಮೇಲೆ.

ನನಗೆ 72. ಕೈ ನಡುಗಲ್ಲ, ಹೊಲಿಯೋಕೆ ಈಗಲೂ ಇಷ್ಟ. ಆದರೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಸಾಲದು. ಪ್ರತಿ ಸಲ ಸೊಸೇನ ಕರೆಯೋಕೆ ಸಂಕೋಚ.
(ಮೈಸೂರು)

ಅಮ್ಮಾ, ದಾರದ ತುದಿನ ಓರೆಯಾಗಿ ಕತ್ತರಿಸಿ, ಸೂಜಿ ಹಿಂದೆ ಬಿಳಿ ಕಾಗದ ಇಟ್ಕೊಳ್ಳಿ, ಕಣ್ಣು ಎದ್ದು ಕಾಣತ್ತೆ. ತೆಳು ತಂತಿಯ ಸೂಜಿ ಪೋಣಿಸೋ ಸಾಧನ ದಾರದ ಅಂಗಡೀಲಿ ಸಿಗತ್ತೆ, ಬೆಲೆನೂ ಕಡಿಮೆ. ಎಲ್ಲಕ್ಕಿಂತ ಒಳ್ಳೇದು ನಮ್ಮ ಅಜ್ಜಿ ಮಾಡ್ತಿದ್ದದ್ದು: ಬೆಳಿಗ್ಗೆ ಸೊಸೆಗೆ ಒಂದೇ ಸಲ ಹತ್ತು ಸೂಜಿ ಕೊಡಿ, ಎಲ್ಲಾನೂ ದಾರದ ಉಂಡೆಯ ಒಂದೇ ಎಳೆಗೆ ಮಣಿ ತರ ಪೋಣಿಸಿಬಿಡಲಿ. ಬೇಕಾದಾಗ ಮುಂದಿನ ಸೂಜಿ ಒಂದನ್ನ ಎಳ್ಕೊಂಡು, ಉಳಿದ ಒಂಬತ್ತನ್ನ ಉಂಡೆ ಕಡೆ ಹಿಂದೆ ಸರಿಸಿ, ಬೇಕಾದಷ್ಟು ದಾರ ಬಿಟ್ಟು ಕತ್ತರಿಸ್ಕೊಳ್ಳೋದು. ಸಂಜೆ ಎದ್ದೇಳೋಕೆ ಮುಂಚೆ ಹತ್ತೂ ಇದಾವಾ ಅಂತ ಒಂದು ಸಲ ಎಣಿಸಿಬಿಡಿ, ಮನೇಲಿ ಬರಿಗಾಲಲ್ಲಿ ಓಡಾಡೋ ಪುಟಾಣಿಗಳಿದ್ರೆ ಇದನ್ನ ಮರೀಲೇಬೇಡಿ.